ಹೊಸಬರ ಪ್ರಶ್ನೆಗಳು ಎಷ್ಟು ಹಳೆಯವು?

ಭಾಮಿನಿ ಷಟ್ಪದಿಯ ಪದ್ಯಗಳಲ್ಲಿ ಲಘು-ಗುರುಗಳನ್ನು ಕಂಪ್ಯೂಟರಿನಿಂದಲೇ ಗುರುತಿಸಬಹುದೇ ಎಂದು ನೋಡುವುದು ನನ್ನ ಪಿಎಚ್.ಡಿ. ಕೆಲಸದ ಒಂದು ಸಣ್ಣ ಭಾಗ. ಅದಕ್ಕಾಗಿ ಎರಡು ವರ್ಷದ ಹಿಂದೆ ಪೈಥಾನ್ ಕಲಿಯಲು ಕೂತೆ. ಮೊದಲ ವಾರವೇ ‘ಕನ್ನಡ’ ಎಂಬ ಪದವನ್ನು ಕೊಟ್ಟು ಇದರ ಉದ್ದ ಎಷ್ಟು ಎಂದು ಕೇಳಿದೆ. ಐದು ಎಂದಿತು. ಒಂದನೇ ಕ್ಲಾಸಿನ ಮಗು ಕೂಡ ಮೂರು ಎನ್ನುವ ಪದ. ಸಾಫ್ಟ್‌ವೇರ್ ಕೆಲಸದಲ್ಲಿರುವ ಪುತ್ತೂರಿನ ಗೆಳೆಯನಿಗೆ ಫೋನು ಮಾಡಿದೆ. ಅವನು ನಕ್ಕ. “ಹೊಸಬರೆಲ್ಲ ಕೇಳುವ ಪ್ರಶ್ನೆ ಮಾರಾಯ್ತಿ ಇದು. ತಲೆ ಕೆಡಿಸ್ಕೊಳ್ಬೇಡ, ಅದು ಹಾಗೆಯೇ.”

ಅದು ಹಾಗೆಯೇ ಎಂಬ ಉತ್ತರ ಕೇಳಿ ಸುಮ್ಮನಾಗುವುದು ನನ್ನಿಂದ ಆಗಲಿಲ್ಲ. ಕಲಿಯುತ್ತ ಹೋದಂತೆ ನಾನು ಕೇಳಿದ, ಜೊತೆಯವರು ಕೇಳಿದ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡೆ. ಗಣಿತ ಬರದವರು ಇದನ್ನು ಕಲಿಯಬಹುದೇ? ಇಂಗ್ಲಿಷ್ ಬರಲೇಬೇಕೇ? ‘ಎಕ್ಸ್ = ಎಕ್ಸ್ + 1’ ಎಂದರೆ ಏನರ್ಥ? ಎಣಿಕೆ ಸೊನ್ನೆಯಿಂದ ಶುರುವಾಗುವುದೇಕೆ? ಬಿಡುವಾದಾಗ ಒಂದೊಂದರ ಬೆನ್ನು ಹತ್ತಿದೆ. ಹೆಚ್ಚಿನವುಗಳ ಹಿಂದೆ ಒಂದು ತಾರೀಖು, ಒಂದು ಊರು, ಯಾರದೋ ಒಂದು ತೀರ್ಮಾನ ಸಿಕ್ಕಿತು.

ಎಕ್ಸ್ = ಎಕ್ಸ್ + 1 ಎನ್ನುವುದನ್ನೇ ನೋಡಿ. ಹೈಸ್ಕೂಲಿನ ಬೀಜಗಣಿತ ನೆನಪಿರುವ ಯಾರಿಗಾದರೂ ಇದು ಶುದ್ಧ ಸುಳ್ಳು. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರಲು ಸಾಧ್ಯವಿಲ್ಲ. ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚು ಮಾಡಿಸಿದವರು ವೇಲ್ಸ್‌ನ ರಾಬರ್ಟ್ ರೆಕಾರ್ಡ್. ಒಂದೇ ಅಳತೆಯ ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಇನ್ನೇನಿದೆ ಎಂಬುದು ಅವರ ವಾದ. ಮುಂದಿನ ಶತಮಾನಗಳಲ್ಲಿ ಆ ಚಿಹ್ನೆಗೆ ಅದೇ ಅರ್ಥ ನೆಲೆಯಾಯಿತು. 1957ರಲ್ಲಿ ಐಬಿಎಂ ಕಂಪನಿಯ ಫೋರ್ಟ್ರಾನ್ ಭಾಷೆ ಅದನ್ನು ‘ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿನಲ್ಲಿ ಇಡು’ ಎಂಬ ಆಜ್ಞೆಯಾಗಿ ಬಳಸಿತು. ಇದು ಗೊಂದಲಕ್ಕೆ ದಾರಿ ಎಂದು ಆಲ್ಗಾಲ್ ಭಾಷೆಯನ್ನು ರೂಪಿಸಿದವರಿಗೆ ಅನ್ನಿಸಿರಬೇಕು, ಅವರು ಮುಂದೆ ಎರಡು ಚುಕ್ಕಿ ಸೇರಿಸಿ ‘:=’ ಎಂದು ಬರೆದರು. ಆದರೆ ಗೆದ್ದದ್ದು ಅದಲ್ಲ. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ತಮ್ಮ ‘ಬಿ’ ಭಾಷೆಯಲ್ಲಿ ಒಂಟಿ ಚಿಹ್ನೆಯನ್ನು ಆಜ್ಞೆಗೂ ಜೋಡಿ ಚಿಹ್ನೆಯನ್ನು ಹೋಲಿಕೆಗೂ ಇಟ್ಟರು. ಪ್ರೋಗ್ರಾಮುಗಳಲ್ಲಿ ಬೆಲೆ ಇಡುವ ಕೆಲಸ ಹೋಲಿಸುವ ಕೆಲಸಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು ಬರುತ್ತದೆ, ಹಾಗಾಗಿ ಅದರ ಗುರುತು ಅರ್ಧದಷ್ಟಿರಲಿ ಎಂಬುದು ಅವರು ಕೊಟ್ಟ ಕಾರಣ. ‘ಬಿ’ಯಿಂದ ‘ಸಿ’ ಬಂತು, ‘ಸಿ’ಯ ದಾರಿಯಲ್ಲಿ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಬಂದವು. ಬೆರಳಿಗೆ ಉಳಿಸಿಕೊಟ್ಟ ಆ ಒಂದು ಒತ್ತಿಗೆ ಹೊಸಬರು ಇಂದಿಗೂ ಬೆಲೆ ತೆರುತ್ತಿದ್ದಾರೆ.

ಗಣಿತದ ಪ್ರಶ್ನೆಯ ಕಥೆ ಇದಕ್ಕಿಂತ ದೊಡ್ಡದು. ಅದು ನಡೆದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿ. ಅಲ್ಲಿ ಇಬ್ಬರು ಗಣಿತದ ಮೇಷ್ಟ್ರುಗಳಿದ್ದರು. ಒಬ್ಬರು ಜಾನ್ ಕೆಮೆನಿ, ಹಂಗೆರಿಯಿಂದ 1940ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಬಂದು, ಮುಂದೆ ಕೆಲಕಾಲ ಐನ್‌ಸ್ಟೈನ್ ಅವರಿಗೆ ಗಣಿತ ಸಹಾಯಕರಾಗಿದ್ದವರು. ಇನ್ನೊಬ್ಬರು ಥಾಮಸ್ ಕರ್ಟ್ಜ್. 1950ರ ದಶಕದ ಬಹುಪಾಲು ಕಾಲೇಜಿನಲ್ಲಿ ಕಂಪ್ಯೂಟರೇ ಇರಲಿಲ್ಲ. ಕರ್ಟ್ಜ್ ತೂತು ಹೊಡೆದ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಬಾಸ್ಟನ್ ಕಡೆಯ ಎಂಐಟಿಗೆ ಹೋಗುತ್ತಿದ್ದರು. ಒಂದು ಕಾರ್ಡಿನಲ್ಲಿ ತಪ್ಪಿದ್ದರೆ ಅದನ್ನು ತಿದ್ದಿ ನೋಡಲು ಮತ್ತೆ ಎರಡು ವಾರ.

ಡಾರ್ಟ್‌ಮತ್‌ನಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದುತ್ತಿದ್ದವರು ಸುಮಾರು ಕಾಲು ಭಾಗ ಮಾತ್ರ. ಉಳಿದವರು ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರದವರು. ಮುಂದೆ ಸರ್ಕಾರದಲ್ಲಿ, ಕಂಪನಿಗಳಲ್ಲಿ ಕೂತು ಕಂಪ್ಯೂಟರುಗಳ ಬಗ್ಗೆ ತೀರ್ಮಾನ ಮಾಡುವವರು ಇವರೇ ತಾನೇ, ಆ ಯಂತ್ರವನ್ನು ಮುಟ್ಟಿಯೇ ನೋಡದವರು ಅದರ ಬಗ್ಗೆ ಏನು ತೀರ್ಮಾನ ಮಾಡಿಯಾರು ಎಂಬುದು ಈ ಇಬ್ಬರ ಚಿಂತೆ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದಷ್ಟೇ ಸಲೀಸಾಗಿ ಯಾವ ವಿದ್ಯಾರ್ಥಿಯಾದರೂ ಕಂಪ್ಯೂಟರ್ ಬಳಸುವಂತಿರಬೇಕು ಎಂದು ಅವರು ಹಟ ಹಿಡಿದರು. ಅದಕ್ಕೆ ಎರಡು ಸಂಗತಿ ಬೇಕಿತ್ತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು, ಮತ್ತು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಭಾಷೆ. ಆ ಏರ್ಪಾಡಿನ ಬಹುಪಾಲು ಪ್ರೋಗ್ರಾಮನ್ನು ಬರೆದವರು ಅಲ್ಲಿನ ಪದವಿ ವಿದ್ಯಾರ್ಥಿಗಳೇ. 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಬೇಸಿಕ್ ಭಾಷೆಯ ಮೊದಲ ಪ್ರೋಗ್ರಾಮುಗಳು ಓಡಿದವು.

ಬೇಸಿಕ್ಕಿನ ಒಳಗೆ ಹೊಸಬರ ಪ್ರಶ್ನೆಗಳಿಗೆ ಮೊದಲೇ ಉತ್ತರ ಇಟ್ಟಂತಿದೆ. ‘ಎಕ್ಸ್ = ಎಕ್ಸ್ + 1’ರ ಹಿಂದೆ ಅಲ್ಲಿ ‘ಲೆಟ್’ ಎಂಬ ಪದ ಇರಲೇಬೇಕಿತ್ತು, ಅಂದರೆ ಇದು ಸಮೀಕರಣವಲ್ಲ, ‘ಹೀಗಾಗಲಿ’ ಎಂಬ ಆಜ್ಞೆ. ಒಳಗೆ ಬರಲು ‘ಹಲೋ’, ಹೊರಗೆ ಹೋಗಲು ‘ಗುಡ್‌ಬೈ’. ಸಾಲುಗಳಿಗೆ 10, 20, 30 ಎಂದು ಹತ್ತರ ಅಂತರದಲ್ಲಿ ಸಂಖ್ಯೆ ಕೊಡುವ ಅಭ್ಯಾಸವಿತ್ತು, ನಡುವೆ ಏನಾದರೂ ಮರೆತಿದ್ದರೆ 15 ಎಂದು ತೂರಿಸಬಹುದು. ಮರೆಯುತ್ತೀರಿ ಎಂದು ಮೊದಲೇ ಒಪ್ಪಿಕೊಂಡ ಭಾಷೆ ಅದು. ಇಪ್ಪತ್ತು ವರ್ಷಗಳ ಬಳಿಕ, 1984ರಲ್ಲಿ, ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಕೊಟ್ಟ ಬಿಬಿಸಿ ಮೈಕ್ರೋ ಯಂತ್ರಗಳಲ್ಲಿ ಮಕ್ಕಳು ಟೈಪ್ ಮಾಡಿದ್ದೂ ಬೇಸಿಕ್ಕನ್ನೇ.

ಪಂಡಿತರಿಗೆ ಇದು ಹಿಡಿಸಲಿಲ್ಲ. 1975ರಲ್ಲಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ, ಬೇಸಿಕ್ ಕಲಿತು ಬಂದವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಅಸಾಧ್ಯವೇ ಸರಿ, ಅವರ ಬುದ್ಧಿ ಸರಿಪಡಿಸಲಾಗದಷ್ಟು ಊನವಾಗಿರುತ್ತದೆ ಎಂಬರ್ಥದಲ್ಲಿ ಬರೆದರು. ‘ಮೊದಲು ಯಾವ ಭಾಷೆ ಕಲಿಯಬೇಕು?’ ಎಂದು ಕೇಳುವ ಹುಡುಗ ಹುಡುಗಿಯರ ದನಿಯಲ್ಲಿ ಇವತ್ತಿಗೂ ಇರುವ ಅಳುಕಿಗೆ ಇಂಥ ಮಾತುಗಳ ಕೊಡುಗೆ ಸಣ್ಣದಲ್ಲ ಎಂದು ನನಗನ್ನಿಸುತ್ತದೆ. ಬೇಸಿಕ್ಕಿನಿಂದ ಶುರುಮಾಡಿದ ಎಷ್ಟೋ ಮಂದಿ ಮುಂದೆ ಚೆನ್ನಾಗಿಯೇ ಪ್ರೋಗ್ರಾಮ್ ಬರೆದರು.

ಹಾಗೆಂದು ಡಾರ್ಟ್‌ಮತ್ ಕಥೆಯನ್ನು ಪೂರ್ತಿ ಸಿಹಿ ಮಾಡುವಂತಿಲ್ಲ. ‘ಎಲ್ಲ ವಿದ್ಯಾರ್ಥಿಗಳಿಗೂ’ ಎಂದಾಗ ಆ ಕಾಲೇಜಿನಲ್ಲಿ ಇದ್ದವರು ಗಂಡುಹುಡುಗರು ಮಾತ್ರ. ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1972ರಲ್ಲಿ, ಕೆಮೆನಿಯವರೇ ಕಾಲೇಜಿನ ಅಧ್ಯಕ್ಷರಾದ ಮೇಲೆ.

ಇಂಗ್ಲಿಷಿನ ಪ್ರಶ್ನೆಯನ್ನು ನಮ್ಮ ಊರುಗಳಲ್ಲಿ ಜೋರಾಗಿ ಕೇಳುವುದಿಲ್ಲ, ಮುಜುಗರದಿಂದ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಆ ಮುಜುಗರ ಗೊತ್ತು. ಇದಕ್ಕೊಂದು ಉತ್ತರ 1950ರ ದಶಕದ ನಡುವೆಯೇ ಫಿಲಡೆಲ್ಫಿಯಾದಲ್ಲಿ ಸಿಕ್ಕಿತ್ತು. ಗ್ರೇಸ್ ಹಾಪರ್ ಆಗ ಯೂನಿವ್ಯಾಕ್ ಯಂತ್ರಗಳನ್ನು ಮಾಡುತ್ತಿದ್ದ ರೆಮಿಂಗ್ಟನ್ ರ್ಯಾಂಡ್ ಕಂಪನಿಯಲ್ಲಿದ್ದರು. ಲೆಕ್ಕಪತ್ರದ ಕೆಲಸ ಮಾಡುವ ಜನರಿಗೆ ಗಣಿತದ ಚಿಹ್ನೆಗಳಿಗಿಂತ ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಮ್ ಬರೆಯಲು ಸಾಧ್ಯವಾಗಬೇಕು ಎಂಬುದು ಅವರ ಯೋಚನೆ. ಒಂದು ಪುಟ್ಟ ಮಾದರಿ ಮಾಡಿ ಮೇಲಧಿಕಾರಿಗಳಿಗೆ ವರದಿ ಕೊಟ್ಟರು. ಅಲ್ಲಿಗೇ ನಿಲ್ಲಿಸಲಿಲ್ಲ. ಯಂತ್ರಕ್ಕೆ ಆ ಪದಗಳು ಬರೀ ಗುರುತುಗಳು, ಯಾವ ಭಾಷೆಯ ಪದ ಇಟ್ಟರೂ ಅದಕ್ಕೇನು ಎಂದು ತೋರಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲೂ ಜರ್ಮನ್ ಪದಗಳಲ್ಲೂ ಬರೆದು ಜೊತೆಗಿಟ್ಟರು.

ಮೇಲಿನವರು ಬೆಚ್ಚಿಬಿದ್ದರು. ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಮರ್ಯಾದಸ್ಥ ಅಮೆರಿಕನ್ ಯಂತ್ರಕ್ಕೆ ಫ್ರೆಂಚು, ಜರ್ಮನ್ನು ಅರ್ಥವಾಗುವುದೆಂದರೇನು? ಅಂಥ ಉದ್ದೇಶವೇ ನಮಗಿಲ್ಲ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಮಾತೇ ಇಲ್ಲ ಎಂದು ಅವರನ್ನು ನಂಬಿಸಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು ಎಂದು 1978ರ ಒಂದು ಭಾಷಣದಲ್ಲಿ ಹಾಪರ್ ನಗುನಗುತ್ತ ನೆನೆಸಿಕೊಂಡಿದ್ದಾರೆ. ಆ ಕೆಲಸವೇ ‘ಫ್ಲೋ-ಮ್ಯಾಟಿಕ್’ ಭಾಷೆಯಾಯಿತು, 1959ರಲ್ಲಿ ಶುರುವಾದ ಕೋಬಾಲ್‌ಗೆ ಬುನಾದಿಯಾಯಿತು. ನಗೆಯ ಪ್ರಸಂಗವೆಂದು ಓದಿದ್ದು ಎರಡನೇ ಸಲ ಓದುವಾಗ ನನಗೆ ನಗೆ ತರಲಿಲ್ಲ. ಭಾಷೆ ಬದಲಿಸುವುದು ಯಂತ್ರಕ್ಕೆ ಕಷ್ಟವಿರಲಿಲ್ಲ.

2008ರ ಕೊನೆಯಲ್ಲಿ ಬಂದ ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ‘ಲಘು = 1’, ‘ಗುರು = 2’ ಎಂದು ಬರೆದರೆ ಅದು ತಕರಾರಿಲ್ಲದೆ ಒಪ್ಪುತ್ತದೆ, ನನ್ನ ಪ್ರೋಗ್ರಾಮಿನಲ್ಲಿ ಹಾಗೇ ಇದೆ. ಆದರೆ ‘ಇಫ್’, ‘ಫಾರ್’, ‘ವೈಲ್’ಗಳು ಇಂಗ್ಲಿಷಿನಲ್ಲೇ ಇರಬೇಕು. ಅಂಥ ಪದಗಳು ಕೆಲವೇ ಡಜನ್ನು, ವಾರದಲ್ಲಿ ಬಾಯಿಪಾಠವಾಗುತ್ತವೆ. ಕಷ್ಟವಿರುವುದು ತಪ್ಪಾದಾಗ ಬರುವ ಸಂದೇಶಗಳನ್ನು, ಕಲಿಸುವ ಪುಸ್ತಕಗಳನ್ನು ಓದುವುದರಲ್ಲಿ.

ಸೊನ್ನೆಯ ವಿಷಯ ಚಿಕ್ಕದು. ಫೋರ್ಟ್ರಾನ್ ಒಂದರಿಂದಲೇ ಎಣಿಸುತ್ತಿತ್ತು. ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್, ಅದರಿಂದ ‘ಬಿ’, ‘ಸಿ’ ಭಾಷೆಗಳು ಪಟ್ಟಿಯ ಆರಂಭದಿಂದ ಎಷ್ಟು ಮನೆ ದಾಟಬೇಕು ಎಂದು ಎಣಿಸಿದವು, ಮೊದಲನೆಯದಕ್ಕೆ ಸೊನ್ನೆ ಮನೆ. ಮೇಲೆ ಬೈದ ಡೈಕ್‌ಸ್ಟ್ರಾ 1982ರಲ್ಲಿ ಇದನ್ನು ಸಮರ್ಥಿಸಿ ಕೈಬರಹದ ಒಂದು ಚಿಕ್ಕ ಟಿಪ್ಪಣಿ ಬರೆದರು, ಅದು ನಿಜಕ್ಕೂ ಚೆನ್ನಾಗಿದೆ. ನಮ್ಮ ಕಟ್ಟಡಗಳಲ್ಲಿ ಫಸ್ಟ್ ಫ್ಲೋರ್ ಎಂದರೆ ಎರಡನೆಯದಾಗಿರುವಾಗ ಇದಕ್ಕೆ ನಾವು ಅಷ್ಟೇನೂ ಗಾಬರಿಯಾಗಬೇಕಿಲ್ಲ. ಇನ್ನು ಜಾವಾ ಮತ್ತು ಜಾವಾಸ್ಕ್ರಿಪ್ಟ್ ಒಂದೇ ಏನು ಎಂಬ ಪ್ರಶ್ನೆಗೆ ಕಾರಣ ಜಾಹೀರಾತು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಕಟ್ಟಿದಾಗ ಹೆಸರು ‘ಮೋಕಾ’, ಬಳಿಕ ‘ಲೈವ್‌ಸ್ಕ್ರಿಪ್ಟ್’. ಆ ವರ್ಷ ಎಲ್ಲರ ಬಾಯಲ್ಲಿ ಜಾವಾ ಇತ್ತು. ಡಿಸೆಂಬರಿನಲ್ಲಿ ಹೆಸರು ಬದಲಾಯಿತು. ಕೇಳುವವರ ತಪ್ಪೇನೂ ಇಲ್ಲ.

ಈ ಚರಿತ್ರೆಯಲ್ಲಿ ಹೊಸಬರೇ ಗೆದ್ದ ಒಂದು ಪ್ರಸಂಗವೂ ಇದೆ. ‘ಎಚ್‌ಟಿಎಂಎಲ್‌ನಲ್ಲಿ ತಪ್ಪು ಬರೆದರೂ ಪುಟ ಕಾಣಿಸುತ್ತದಲ್ಲ, ಏಕೆ?’ ಎಂಬ ಪ್ರಶ್ನೆಯ ಹಿಂದಿರುವುದು ಅದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ವೆಬ್ಬನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಯಾರ ಪುಟವನ್ನಾದರೂ ತೆರೆದು ಅದರ ಮೂಲವನ್ನು ನೋಡಬಹುದಿತ್ತು. ಲಕ್ಷಾಂತರ ಮಂದಿ ಕಲಿತದ್ದೇ ಹಾಗೆ, ಇನ್ನೊಬ್ಬರದನ್ನು ನಕಲು ಮಾಡಿ, ಅಷ್ಟಿಷ್ಟು ಬದಲಿಸಿ, ಮುಚ್ಚಬೇಕಾದ ಟ್ಯಾಗುಗಳನ್ನು ಮುಚ್ಚಲು ಮರೆತು. ಬ್ರೌಸರುಗಳು ಹೇಗೋ ಅರ್ಥಮಾಡಿಕೊಂಡು ತೋರಿಸಿದವು. ಈ ಗಲೀಜು ಸಾಕೆಂದು 2000ದಲ್ಲಿ ‘ಎಕ್ಸ್‌ಎಚ್‌ಟಿಎಂಎಲ್’ ಎಂಬ ಕಟ್ಟುನಿಟ್ಟಿನ ರೂಪ ಬಂತು. ಅದನ್ನು ನಿಯಮದ ಪ್ರಕಾರ ನಡೆಸಿದರೆ ಒಂದು ತಪ್ಪಿಗೂ ಪುಟದ ಬದಲು ದೋಷದ ಸಂದೇಶ ಬರುತ್ತದೆ. ಜನ ಅದರ ಹಿಂದೆ ಹೋಗಲಿಲ್ಲ. ಎರಡನೇ ಆವೃತ್ತಿಯ ಕೆಲಸ 2009ರಲ್ಲಿ ನಿಂತೇಹೋಯಿತು. 2014ರಲ್ಲಿ ಅಂತಿಮವಾದ ಎಚ್‌ಟಿಎಂಎಲ್ 5, ತಪ್ಪು ಬರೆದ ಪುಟವನ್ನು ಎಲ್ಲ ಬ್ರೌಸರುಗಳೂ ಒಂದೇ ರೀತಿ ಹೇಗೆ ಓದಬೇಕು ಎಂದು ವಿವರವಾಗಿ ಬರೆದಿಟ್ಟಿದೆ. ವ್ಯಾಕರಣವೇ ಬಂದು ತಪ್ಪುಗಳಿಗೆ ಸೂತ್ರ ಬರೆದ ಅಪರೂಪದ ಉದಾಹರಣೆ.

ಈಗ ನನ್ನ ಐದಕ್ಕೆ ಬರುತ್ತೇನೆ. 1963ರ ಆಸ್ಕಿ ಸಂಕೇತ ಪಟ್ಟಿಯಲ್ಲಿ ಇದ್ದ ಜಾಗಗಳು 128, ಅಕ್ಷರವೆಂದರೆ ಇಂಗ್ಲಿಷ್ ಅಕ್ಷರ. ಭಾರತದ ಲಿಪಿಗಳಿಗಾಗಿ ಇಲ್ಲಿ ಇಸ್ಕಿ ಎಂಬ ಸಂಕೇತ ರೂಪುಗೊಂಡಿತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲ ಒಂದೇ ಮನೆತನದವು ಎಂದು ಎಲ್ಲಕ್ಕೂ ಒಂದೇ ಜೋಡಣೆ. 1991ರ ಯುನಿಕೋಡ್ ಮೊದಲ ಆವೃತ್ತಿ ಕನ್ನಡವನ್ನು ಸೇರಿಸಿಕೊಂಡದ್ದು ಆ ಜೋಡಣೆಯನ್ನೇ ಅನುಸರಿಸಿ. ಅದರ ಪ್ರಕಾರ ಒತ್ತಕ್ಷರಕ್ಕೆ ಸ್ವಂತ ಜಾಗವಿಲ್ಲ. ‘ನ್ನ’ ಎಂದರೆ ನ, ವಿರಾಮ ಚಿಹ್ನೆ, ಮತ್ತೊಂದು ನ. ಹೀಗೆ ‘ಕನ್ನಡ’ದಲ್ಲಿ ಐದು. ಬೈಟುಗಳಲ್ಲಿ ಅಳೆದರೆ ಹದಿನೈದು, ಯಾಕೆಂದರೆ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿ ಸಂಕೇತಕ್ಕೂ ಮೂರು. ಇದನ್ನು 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದವರು ಸಮ ಚಿಹ್ನೆಯನ್ನು ಅರ್ಧಕ್ಕಿಳಿಸಿದ ಅದೇ ಕೆನ್ ಥಾಂಪ್ಸನ್.

ಮೂರನೆಯ ಅಳತೆಯೂ ಇದೆ. ಓದುವವರ ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವುದನ್ನು ಒಂದಾಗಿಯೇ ಎಣಿಸಲು ಯುನಿಕೋಡ್ ಕೆಲವು ನಿಯಮಗಳನ್ನಿಟ್ಟಿದೆ. ಅದರಂತೆ ನನಗೆ ಸಿಕ್ಕಿದ್ದು ನಾಲ್ಕು: ಕ, ನ್, ನ, ಡ. 2023ರ 15.1ನೇ ಆವೃತ್ತಿ ಒತ್ತಕ್ಷರಗಳನ್ನು ಒಡೆಯಬಾರದು ಎಂಬ ಹೊಸ ನಿಯಮ ತಂದಾಗ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಪಕ್ಕದ ತೆಲುಗಿನ ಒತ್ತು ಒಂದಾಯಿತು, ನಮ್ಮದು ಎರಡಾಗಿ ಉಳಿಯಿತು.

ಛಂದಸ್ಸಿನ ಲೆಕ್ಕದಲ್ಲಿ ‘ಕನ್ನಡ’ ಮೂರು ಅಕ್ಷರ, ನಾಲ್ಕು ಮಾತ್ರೆ. ಒತ್ತಕ್ಷರದ ಹಿಂದಿನ ಕ ಗುರು, ಉಳಿದೆರಡು ಲಘು. ವಿರಾಮ ಚಿಹ್ನೆ ಕಂಡರೆ ಮುಂದಿನ ವ್ಯಂಜನವನ್ನು ಹಿಂದಿನದಕ್ಕೆ ಕೂಡಿಸು ಎಂದು ಹನ್ನೆರಡು ಸಾಲು ನಾನೇ ಬರೆದುಕೊಂಡೆ. ಈಗ ಮೂರು ಎನ್ನುತ್ತದೆ. ಕೆಲವು ಕಡತಗಳಲ್ಲಿ ‘ಸೂರ್ಯ’ದಂಥ ಪದಗಳ ರಕಾರದ ಪಕ್ಕ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಕೂತಿರುತ್ತದೆ, ಅಲ್ಲಿ ನನ್ನ ಲೆಕ್ಕ ತಪ್ಪುತ್ತದೆ. ಅವನ್ನು ಸದ್ಯಕ್ಕೆ ಕೈಯಲ್ಲೇ ತಿದ್ದುತ್ತಿದ್ದೇನೆ.