ಚಾರ್ಟ್ ಒಂದೆಡೆ, ಅಡಿಬರಹ ಇನ್ನೊಂದೆಡೆ

ಕಳೆದ ಮುಂಗಾರಿನಲ್ಲಿ ನಾವೊಂದು ತಪ್ಪು ಮಾಡಿದೆವು. ಎರಡು ಹೋಬಳಿಗಳ ಮಳೆ ಲೆಕ್ಕವನ್ನು 'ಆರ್' ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ, ಚಾರ್ಟ್ ಸಮೇತ ವರದಿ ತೆಗೆದು ಡೆಸ್ಕಿಗೆ ಕಳಿಸಿದೆವು. ಒಂದೇ ಕೋಡ್ ತುಣುಕಿನಿಂದ ಎರಡು ಚಾರ್ಟ್ ಬಂದಿದ್ದವು. ನಾವು ಬರೆದಿದ್ದ ಕ್ಯಾಪ್ಶನ್ ಮಾತ್ರ ಒಂದೇ, ಅದೂ ಮಳೆ ಬಾರದ ಹೋಬಳಿಯದು. ತಂತ್ರಾಂಶ ಅದನ್ನೇ ಎರಡಕ್ಕೂ ಅಂಟಿಸಿತು. ಜಾಗ ಸಾಲದೆ ಡೆಸ್ಕಿನವರು ಒಂದು ಚಾರ್ಟ್ ಮಾತ್ರ ಉಳಿಸಿಕೊಂಡರು. ಉಳಿದದ್ದು ಚೆನ್ನಾಗಿ ಮಳೆಯಾದ ಹೋಬಳಿಯ ಚಾರ್ಟ್, ಕೆಳಗಿದ್ದದ್ದು ಒಣಗಿದ ಹೋಬಳಿಯ ಹೆಸರು.

ಬೆಳಿಗ್ಗೆ ರೈತರೊಬ್ಬರ ಫೋನ್ ಬಂತು. "ಏನ್ರೀ ಸಾಹೇಬ್ರ, ನಮ್ಮ ಹೋಬಳ್ಯಾಗ ಮಳಿ ಆಗೇತಂತ ಹಾಕೀರಲ್ಲ, ನಾಳೆ ಪರಿಹಾರ ಕೇಳಾಕ ಹೋದ್ರ ಇದನ್ನ ತಂದು ಮುಂದ ಹಿಡೀತಾರ" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಅಂಕಿ ಸರಿ, ಚಾರ್ಟ್ ಸರಿ, ವಾಕ್ಯವೂ ಸರಿ. ತಪ್ಪಿದ್ದು ಅವುಗಳ ಜೋಡಣೆಯಲ್ಲಿ. ಆಮೇಲೆ ಕುಳಿತು ಓದಿದಾಗ ತಿಳಿಯಿತು, ಈ ಜೋಡಣೆಯ ತೊಂದರೆಗೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಲಂಡನ್ನಿನಲ್ಲಿ ಒಂದು ಅಟ್ಲಾಸ್ ಪ್ರಕಟಿಸಿದ. ವ್ಯಾಪಾರದ ಏರಿಳಿತವನ್ನು ಗೆರೆಗಳಲ್ಲಿ ತೋರಿಸಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಆಗ ಅಕ್ಷರ ಅಚ್ಚಾಗುತ್ತಿದ್ದದ್ದು ಸೀಸದ ಮೊಳೆಗಳಿಂದ, ಚಾರ್ಟ್ ಅಚ್ಚಾಗುತ್ತಿದ್ದದ್ದು ಕೊರೆದ ತಾಮ್ರದ ಹಲಗೆಯಿಂದ. ಒಂದರಲ್ಲಿ ಉಬ್ಬಿದ ಭಾಗಕ್ಕೆ ಮಸಿ, ಇನ್ನೊಂದರಲ್ಲಿ ತಗ್ಗಿಗೆ ಮಸಿ. ಎರಡಕ್ಕೂ ಬೇರೆ ಬೇರೆ ಯಂತ್ರ ಬೇಕು. ಹಾಗಾಗಿ ಚಾರ್ಟ್ ತನ್ನದೇ ಹಾಳೆಯಲ್ಲಿ ನಿಲ್ಲಬೇಕಾಯಿತು, ವಿವರಣೆ ಬೇರೆ ಹಾಳೆಯಲ್ಲಿ. ಪ್ಲೇಫೇರ್ ಇದಕ್ಕೆ ಉಪಾಯ ಕಂಡುಕೊಂಡಿದ್ದ. ಡೆನ್ಮಾರ್ಕ್ ಮತ್ತು ನಾರ್ವೆ ಜೊತೆಗಿನ ವ್ಯಾಪಾರದ ಚಾರ್ಟಿನಲ್ಲಿ ತಲೆಬರಹವನ್ನು ತಾಮ್ರದ ಮೇಲೇ ಕೊರೆಸಿದ. ಕೆಳಗಿನ ಗೆರೆ ವರ್ಷಗಳದು, ಬಲಗಡೆಯದು ಪೌಂಡ್ ಲೆಕ್ಕದ್ದು ಎಂಬುದನ್ನೂ ಅಲ್ಲೇ ಹೇಳಿದ. ಹಾಳೆ ಹರಿದು ಕೈಗೆ ಬಂದರೂ ಚಾರ್ಟ್ ತನ್ನ ಮಾತನ್ನು ತಾನೇ ಹೇಳುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಎರಡು ಯಂತ್ರಗಳ ಕಾಟ ತಪ್ಪಿತು, ಆದರೆ ಪುಟದ ಅಳತೆ ಹಾಗೇ ಉಳಿಯಿತು. ಅಮೆರಿಕದ ಡೊನಾಲ್ಡ್ ಕನೂತ್ ಕಟ್ಟಿದ 'ಟೆಕ್' ಎಂಬ ಅಕ್ಷರಜೋಡಣೆ ವ್ಯವಸ್ಥೆಯ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ 'ಲೇಟೆಕ್' ರೂಪಿಸಿದರು. ಪ್ಯಾರಾವನ್ನು ಎರಡು ಪುಟಕ್ಕೆ ಒಡೆಯಬಹುದು, ಚಾರ್ಟನ್ನು ಒಡೆಯಲಾಗದು. ಈ ಪುಟದಲ್ಲಿ ಜಾಗವಿಲ್ಲದಿದ್ದರೆ ಅದು ಮುಂದಿನ ಪುಟಕ್ಕೆ ತೇಲಿಹೋಗುತ್ತದೆ. ಇಲ್ಲೇ ಇರಲಿ, ಪುಟದ ಮೇಲ್ಭಾಗದಲ್ಲಿರಲಿ, ಕೆಳಭಾಗದಲ್ಲಿರಲಿ, ಚಿತ್ರಗಳಿಗೇ ಮೀಸಲಾದ ಪುಟದಲ್ಲಿರಲಿ ಎಂದು ಬರೆಯುವವರು ಕೋರಬಹುದು. ತೀರ್ಮಾನ ಮಾತ್ರ ಯಂತ್ರದ್ದು. ಹೀಗೆ ತೇಲುವ ಚಿತ್ರವನ್ನು 'ಕೆಳಗಿನ ಚಾರ್ಟ್' ಎನ್ನುವಂತಿಲ್ಲ. 'ಚಿತ್ರ 3 ನೋಡಿ' ಎನ್ನಬೇಕು. ಅದಕ್ಕೇ ಕ್ರಮಸಂಖ್ಯೆ ಬೇಕು, ಅಡಿಬರಹ ಬೇಕು.

1984ರಲ್ಲಿ ಇದೇ ಕನೂತ್ ಇನ್ನೊಂದು ವಿಚಾರ ಮುಂದಿಟ್ಟರು: ಪ್ರೋಗ್ರಾಮನ್ನೂ ಅದರ ವಿವರಣೆಯನ್ನೂ ಒಂದೇ ಕಡತದಲ್ಲಿ, ಮನುಷ್ಯರು ಓದುವ ಹಾಗೆ ಬರೆಯಬೇಕು. ಅಂಕಿಅಂಶದವರಿಗೆ ಇದು ಹಿಡಿಸಿತು. ಆಸ್ಟ್ರಿಯಾದ ಫ್ರೀಡ್ರಿಶ್ ಲೈಶ್ 2002ರಲ್ಲಿ 'ಎಸ್‌ವೀವ್' ಎಂಬುದನ್ನು ಪರಿಚಯಿಸಿದರು. ಲೇಟೆಕ್ ಬರಹದ ನಡುವೆ ಆರ್ ಕೋಡ್ ಇಟ್ಟರೆ ಚಾರ್ಟ್ ತಾನಾಗಿ ಬಂದು ಕೂರುತ್ತಿತ್ತು. ಅಂಕಿ ಬದಲಾದರೆ ಚಾರ್ಟೂ ಬದಲು. ಅಡಿಬರಹ ಮಾತ್ರ ಕೋಡಿನ ಹೊರಗೆ, ಕೈಯಿಂದ ಬರೆದದ್ದು. ಚಾರ್ಟ್ ಹೊಸ ವರ್ಷಕ್ಕೆ ಹೋದರೂ ಅಡಿಬರಹ ಹಳೇ ವರ್ಷದಲ್ಲೇ ಉಳಿಯುವ ಅಪಾಯವಿತ್ತು.

ಯಿಹುಯಿ ಶಿಯೆ ಅವರು ಅಮೆರಿಕದ ಅಯೋವಾದಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆದ 'ನಿಟ್ಟರ್' ಈ ಅಂತರ ತಗ್ಗಿಸಿತು. ಅಡಿಬರಹ ಈಗ ಕೋಡ್ ತುಣುಕಿನದೇ ಒಂದು ಸೂಚನೆ. ಅದರೊಳಗೂ ಲೆಕ್ಕ ಮಾಡಿಸಬಹುದು: ವರ್ಷ, ಮಿಲಿಮೀಟರ್, ತಾಲ್ಲೂಕಿನ ಹೆಸರು ಎಲ್ಲವನ್ನೂ ದತ್ತಾಂಶದಿಂದಲೇ ಎತ್ತಬಹುದು. ಆದರೆ ಒಂದು ತುಣುಕಿನಿಂದ ಎರಡು ಚಾರ್ಟ್ ಬಂದು ಅಡಿಬರಹ ಒಂದೇ ಇದ್ದರೆ ಅದು ಎರಡಕ್ಕೂ ಬೀಳುತ್ತದೆ. ನಾವು ಬಿದ್ದದ್ದು ಇದೇ ಗುಂಡಿಗೆ. ಇನ್ನೊಂದು ವಿಚಿತ್ರವೂ ಇದೆ. ಪಿಡಿಎಫ್ ತೆಗೆಯುವಾಗ ಅಡಿಬರಹ ಇಲ್ಲದ ಚಾರ್ಟ್ ಬರೆದ ಜಾಗದಲ್ಲೇ ನಿಲ್ಲುತ್ತದೆ, ಅಡಿಬರಹ ಕೊಟ್ಟ ಕೂಡಲೇ ಅದು ತೇಲುವ ಚಿತ್ರವಾಗಿ ಬೇರೆ ಕಡೆ ಹೋಗಬಹುದು. ಅದು ಓಡದಿರಲೆಂದು ಅಡಿಬರಹವನ್ನೇ ಅಳಿಸಿದರೆ ಊರೂ ಇಲ್ಲ, ಹೆಸರೂ ಇಲ್ಲ. ವೆಬ್ ಪುಟದಲ್ಲಿ ಈ ಓಟವಿಲ್ಲ, ಅಲ್ಲಿ ತುಂಬಿಹೋಗುವ ಪುಟವೇ ಇಲ್ಲವಲ್ಲ.

2022ರಲ್ಲಿ ಬಂದ 'ಕ್ವಾರ್ಟೊ'ದಲ್ಲಿ ಪ್ರತಿ ಚಾರ್ಟಿಗೆ 'ಫಿಗ್' ಎಂದು ಶುರುವಾಗುವ ಹೆಸರು ಕೊಟ್ಟು, ಬರಹದಲ್ಲಿ ಆ ಹೆಸರಿನಿಂದಲೇ ಕರೆದರೆ ಸರಿಯಾದ ಸಂಖ್ಯೆ ತಾನೇ ಬರುತ್ತದೆ. ನಡುವೆ ಹೊಸ ಚಾರ್ಟ್ ಸೇರಿಸಿದರೂ ಲೆಕ್ಕ ತಪ್ಪುವುದಿಲ್ಲ.

ಸ್ನೇಹಿತರೇ, ಇದೆಲ್ಲ ವಿಜ್ಞಾನಿಗಳ ಉಸಾಬರಿ ಅನ್ನಿಸಬಹುದು. ಆದರೆ ಈಗ ಹೋಬಳಿ ಮಟ್ಟದ ಮಳೆ ಅಂಕಿ ನಮ್ಮ ಮೊಬೈಲಿಗೇ ಬರುತ್ತದೆ, ಅದನ್ನು ಚಾರ್ಟ್ ಮಾಡುವವರೂ ನಾವೇ. ಆ ಫೋನಿನ ನಂತರ ನಾವು ಮೂರು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಒಂದು ಕೋಡ್ ತುಣುಕಿಗೆ ಒಂದೇ ಚಾರ್ಟ್. ಅಡಿಬರಹದಲ್ಲಿ ಊರು, ಅವಧಿ, ಅಳತೆ, ಅಂಕಿಯ ಮೂಲ ನಾಲ್ಕೂ ಇರಬೇಕು, ಅವು ದತ್ತಾಂಶದಿಂದಲೇ ಬರಬೇಕು. ಮೂರನೆಯದು ಪ್ಲೇಫೇರ್ ಕಲಿಸಿದ್ದು: ಊರಿನ ಹೆಸರು ಚಾರ್ಟಿನ ಚೌಕಟ್ಟಿನ ಒಳಗೂ ಇರಬೇಕು. ಡೆಸ್ಕಿನಲ್ಲಿ ಕತ್ತರಿ ಎಲ್ಲಿ ಬಿದ್ದರೂ ಆ ಹೆಸರು ಉಳಿಯುತ್ತದೆ.

ತಿದ್ದುಪಡಿ ಮೂರನೇ ದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂತು. ಆ ರೈತರಿಗೆ ನಾವೇ ಪತ್ರಿಕೆ ಒಯ್ದು ಕೊಟ್ಟೆವು. ಓದಿ, ಮಡಚಿ, ಅರ್ಜಿಯ ಜೊತೆ ಇಟ್ಟುಕೊಂಡರು.