ಸಮ್ಮತಿಯ ಸಹಿ

1996ರ ಜೂನ್ ತಿಂಗಳು. ಲಾಸ್ ಏಂಜಲೀಸಿಗೆ ಬಂದು ನೆಲೆಸಿ ನಮಗೆ ಎರಡು ವರ್ಷವಾಗಿತ್ತು. ಚೊಚ್ಚಲ ಮಗುವಿಗೆ ಆರು ತಿಂಗಳು. ಚುಚ್ಚುಮದ್ದಿನ ಸಲುವಾಗಿ ಕೊಟ್ಟ ಕಾಗದಗಳಿಗೆ ಓದದೆಯೇ ಸಹಿ ಹಾಕಿ ಬಂದಿದ್ದೆ. ಅದೇ ವಾರ 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯಲ್ಲಿ ಕಂಡ ವರದಿಯೊಂದು ನನ್ನ ನಿದ್ದೆಗೆಡಿಸಿತು.

ಸಂಗತಿ ಇಷ್ಟು. 1989ರಿಂದ 1991ರವರೆಗೆ ಅಮೆರಿಕದಲ್ಲಿ ದಡಾರ ಉಲ್ಬಣಿಸಿ 55,000ಕ್ಕೂ ಹೆಚ್ಚು ಮಂದಿಗೆ ತಗುಲಿತು. 120ಕ್ಕೂ ಹೆಚ್ಚು ಜೀವಗಳು ಹೋದವು. ಎಳೆಗೂಸುಗಳನ್ನು ವರ್ಷ ತುಂಬುವ ಮೊದಲೇ ರಕ್ಷಿಸಬಲ್ಲ ಲಸಿಕೆಗಾಗಿ ಸರ್ಕಾರದ ರೋಗನಿಯಂತ್ರಣ ಕೇಂದ್ರವೂ ಕೈಸರ್ ಪರ್ಮನೆಂಟೆ ಸಂಸ್ಥೆಯೂ ಕೂಡಿ ಲಾಸ್ ಏಂಜಲೀಸಿನ ಸುಮಾರು 1,500 ಶಿಶುಗಳ ಅಧ್ಯಯನ ಕೈಗೊಂಡವು. ಬಹುಪಾಲು ಶಿಶುಗಳು ಕಪ್ಪು ಹಾಗೂ ಲ್ಯಾಟಿನೋ ಕುಟುಂಬದವು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿ ಬಳಸಿದ 'ಎಡ್ಮನ್‌ಸ್ಟನ್-ಜಾಗ್ರೆಬ್' ಲಸಿಕೆಗೆ ಈ ದೇಶದ ಪರವಾನಗಿ ಇರಲಿಲ್ಲವೆಂಬುದನ್ನು ತಾಯ್ತಂದೆಯರು ಸಹಿ ಮಾಡಿದ ಪತ್ರ ತಿಳಿಸಿರಲಿಲ್ಲ. ಸೆನೆಗಲ್, ಗಿನಿ-ಬಿಸ್ಸಾವ್, ಹೈಟಿಗಳಲ್ಲಿ ಅದರ ಹೆಚ್ಚು ಪ್ರಬಲವಾದ ಮದ್ದು ಪಡೆದ ಹೆಣ್ಣುಮಕ್ಕಳಲ್ಲಿ ಮರಣ ಹೆಚ್ಚಿದ್ದು ತಿಳಿದುಬರಲು, 1991ರಲ್ಲಿ ಅಧ್ಯಯನ ನಿಂತಿತು. ಇಲ್ಲಿಯ ಮಕ್ಕಳಿಗೆ ಲಸಿಕೆಯಿಂದ ಕೇಡಾಗಲಿಲ್ಲವೆಂದು ಅಧಿಕಾರಿಗಳು ಹೇಳಿದರು. ಕೇಂದ್ರದ ನಿರ್ದೇಶಕ ಡೇವಿಡ್ ಸ್ಯಾಚರ್ ತಪ್ಪೊಪ್ಪಿಕೊಂಡದ್ದು 1996ರಲ್ಲಿ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ರೋಗಿಗಳಿಗೆ ಚಿಕಿತ್ಸೆ ಕೊಡದೆ ನೋಡುತ್ತ ಕುಳಿತ ಅಧ್ಯಯನವನ್ನು ಮರೆಯದ ಜನರಿಗೆ ಇದು ಹಳೆಯ ಗಾಯವನ್ನೇ ಕೆದಕಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಇತಿಹಾಸವಿದೆ. ಸ್ಯಾನ್ ಡಿಯೇಗೊಗೆ ಬಂದ ನೆಂಟರಿಗೆ ನಾವು ಲಾ ಹೋಯಾದ ಕಡಲತಡಿಯಲ್ಲಿರುವ ಸಾಲ್ಕ್ ಸಂಸ್ಥೆಯನ್ನು ತೋರಿಸುವುದುಂಟು. ಅದನ್ನು ಕಟ್ಟಿದ ಜೋನಸ್ ಸಾಲ್ಕ್ ಅವರ ಪೋಲಿಯೋ ಲಸಿಕೆಯ ಪ್ರಯೋಗದಲ್ಲಿ 1954ರಲ್ಲಿ 18 ಲಕ್ಷ ಮಕ್ಕಳು ಪಾಲ್ಗೊಂಡರು. ಈ ಲಸಿಕೆ ಕೊಲ್ಲಬಹುದೆಂದು ವಾಲ್ಟರ್ ವಿಂಚೆಲ್ ರೇಡಿಯೋದಲ್ಲಿ ಭೀತಿ ಬಿತ್ತಿದರೂ ಜನ ಬೆನ್ನು ತಿರುಗಿಸಲಿಲ್ಲ. ಪ್ರಯೋಗವೆಂಬುದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ತಾಯ್ತಂದೆಯರ ಪತ್ರದಲ್ಲಿ ಇದ್ದದ್ದು ಒಪ್ಪಿಗೆಯಲ್ಲ, ತಮ್ಮ ಮಗುವನ್ನೂ ಸೇರಿಸಿಕೊಳ್ಳಿರೆಂಬ ಕೋರಿಕೆ. ಮರುವರ್ಷ ಬರ್ಕ್ಲಿಯ ಕಟರ್ ಕಂಪನಿಯ ಲಸಿಕೆಯಲ್ಲಿ ಜೀವಂತ ವೈರಾಣು ಉಳಿದು ಮಕ್ಕಳು ಅಂಗಹೀನರಾದಾಗ, ಸರ್ಕಾರ ಆ ಲಸಿಕೆಯನ್ನು ಹಿಂದೆಗೆದು ಪರೀಕ್ಷೆಯನ್ನು ಬಿಗಿಗೊಳಿಸಿತು. ಪೋಲಿಯೋ ಲಸಿಕೆ ಉಳಿಯಿತು.

ಕಳೆದ ವಿಶ್ವಾಸಕ್ಕೆ ಬೆಲೆ ತೆರುವವರು ಮಕ್ಕಳು. 2008ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಮರಳಿದ, ಲಸಿಕೆ ಪಡೆಯದ ಏಳು ವರ್ಷದ ಬಾಲಕನಿಂದ ಸ್ಯಾನ್ ಡಿಯೇಗೊದ ಹನ್ನೊಂದು ಮಕ್ಕಳಿಗೆ ದಡಾರ ಹರಡಿತು. 2014ರ ಡಿಸೆಂಬರಿನಲ್ಲಿ ಡಿಸ್ನಿಲ್ಯಾಂಡಿನಿಂದ ಹಬ್ಬಿದ ಮೇಲಂತೂ ಕ್ಯಾಲಿಫೋರ್ನಿಯಾ ಕಾನೂನನ್ನೇ ಬಿಗಿಗೊಳಿಸಬೇಕಾಯಿತು. ಸುಳ್ಳು ಭೀತಿಯನ್ನು ಖಂಡಿಸೋಣ. ಆದರೆ ಪ್ರಶ್ನಿಸುವವರೆಲ್ಲ ಅಜ್ಞಾನಿಗಳೆಂದು ಭಾವಿಸದಿರೋಣ. ಈ ಸಮ್ಮೇಳನಕ್ಕೆ ಬಂದಿರುವ ನಮ್ಮಲ್ಲಿ ವೈದ್ಯರೂ ವಿಜ್ಞಾನಿಗಳೂ ಅನೇಕರು. ಸಹಿ ಹಾಕುವವರು ನಾವು, ಹಾಕಿಸಿಕೊಳ್ಳುವವರೂ ನಾವೇ.

ಮಗುವಿಗೆ ವರ್ಷ ತುಂಬಿದಾಗ ದಡಾರದ ಲಸಿಕೆ ಹಾಕಿಸಿದೆ. ಆ ಸಲ ಮಾತ್ರ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ, ತಿಳಿಯದ್ದನ್ನು ಕೇಳಿ, ಆಮೇಲೆ ಸಹಿ ಮಾಡಿದೆ.