ಕಲ್ಲುಹಾದಿ ಉಳಿಸಿದ ಸೈಕಲ್ ಪಂದ್ಯ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ರಸ್ತೆಗೆ ಡಾಂಬರು ಬಿತ್ತೆಂದರೆ ಊರಿಗೇ ಸಂಭ್ರಮ. ಫ್ರಾನ್ಸಿನಲ್ಲಿ ಡಾಂಬರು ಬೇಡವೆಂದವರೂ ಇದ್ದಾರೆ. ಕಾರಣ, ಪ್ಯಾರಿಸ್–ರೂಬೆ ಸೈಕಲ್ ಪಂದ್ಯ.

ರೂಬೆಯ ಇಬ್ಬರು ಜವಳಿ ಉದ್ಯಮಿಗಳು ಇದನ್ನು ಆರಂಭಿಸಿದ್ದು 1896ರಲ್ಲಿ. ಸುಮಾರು 280 ಕಿ.ಮೀ. ದೂರದ ಮೊದಲ ಪಂದ್ಯ ಗೆದ್ದವನು ಜರ್ಮನಿಯ ಯೋಸೆಫ್ ಫಿಷರ್. ಮೊದಲ ಮಹಾಯುದ್ಧದಲ್ಲಿ ಹಾಳಾದ ಆ ಸೀಮೆಯನ್ನು 1919ರಲ್ಲಿ ಕಂಡವರು ‘ಉತ್ತರದ ನರಕ’ ಎಂದರು. ಹೆಸರು ಪಂದ್ಯಕ್ಕೇ ಅಂಟಿತು.

ಎರಡನೇ ಮಹಾಯುದ್ಧದ ಬಳಿಕ, ಕಲ್ಲುಹಾಸು ಹಿಂದುಳಿದ ಊರಿನ ಗುರುತೆಂದು ನಾಚಿ, ಅಲ್ಲಿನವರು ಒಂದೊಂದೇ ರಸ್ತೆಗೆ ಡಾಂಬರು ಹಾಕಿದರು. ಪಂದ್ಯಕ್ಕೆ ಹಾದಿಯೇ ಇಲ್ಲವಾಗುವ ಭಯ ಹುಟ್ಟಿತು. ಆಗ ಅಭಿಮಾನಿಗಳು ಸಂಘ ಕಟ್ಟಿ, ಉಳಿದ ಕಲ್ಲುಹಾಸನ್ನು ದುರಸ್ತಿ ಮಾಡತೊಡಗಿದರು. ಗೆದ್ದವರಿಗೆ ಇಂದಿಗೂ ಸಿಗುವ ಬಹುಮಾನ, ಆ ಹಾದಿಯದೇ ಒಂದು ಕಲ್ಲು.

ನಮ್ಮ ರಸ್ತೆಗಳೂ ಅಗಲವಾಗಲಿ. ಆದರೆ ಹಳೆಯ ಹಾದಿಯ ಒಂದು ತುಂಡನ್ನಾದರೂ ಉಳಿಸಿಕೊಳ್ಳಬಾರದೆ?